ಕುಲುಕಪ್ಪನವರು ಸ್ಟ್ರೋಲರ್ ಆರಿಸಿದ್ದು

ತೊಂದರೆಗೆಲ್ಲ ಮೂಲ ಅತ್ತೆಯವರು ಫೋನಿನಲ್ಲಿ ಆಡಿದ ಒಂದು ಮಾತು.

“ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ನೀವು ಮಗೂನ ಎತ್ಕೊಂಡ್ರೆ ರೈಲಿಗೆ ಹೊತ್ತಾಯ್ತು ಅಂತ ಪೆಟ್ಟಿಗೆ ಹಿಡ್ಕೊಂಡು ಓಡೋರ ಥರ ಕಾಣ್ತೀರಿ.”

ಬೇಜಾರಾಗುವಂಥ ಮಾತೇ. ಆದರೆ ಸುಳ್ಳು ಎನ್ನುವ ಹಾಗಿರಲಿಲ್ಲ. ಕುಲುಕಪ್ಪನವರು ಹನ್ನೆರಡು ವರ್ಷದಿಂದ ಸೂಟ್‌ಕೇಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದರು. ಹೊಸ ಮಾದರಿಯ ಪೆಟ್ಟಿಗೆ ಬಂದರೆ ಅದಕ್ಕೆ ಮರಳಿನ ಚೀಲ ತುಂಬಿ ಎತ್ತುವುದು, ಕುಕ್ಕುವುದು, ಕುಲುಕುವುದು, ಉಬ್ಬುತಗ್ಗಿನ ಮೇಲೆ ಎಳೆಯುವುದು, ಹಿಡಿ ಕಿತ್ತು ಬರುತ್ತದೋ ನೋಡಲು ಜಗ್ಗುವುದು, ಆಮೇಲೆ ಅಚ್ಚುಕಟ್ಟಾಗಿ ಒಂದು ವರದಿ ಬರೆಯುವುದು. ಸಂಬಳ ಇದಕ್ಕೇ. ಕಸುಬು ಮೊದಲು ಕೈಗೆ ಹತ್ತಿ, ಆಮೇಲೆ ಸ್ವಭಾವಕ್ಕೂ ಹತ್ತಿಬಿಟ್ಟಿತ್ತು. ಡಾಕ್ಟರ ಕ್ಲಿನಿಕ್ಕಿನ ಬೆಂಚನ್ನೂ ಎರಡು ಸಲ ಕುಲುಕದೆ ಅವರು ಕೂರುವವರಲ್ಲ. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಉಳಿದೆಲ್ಲ ಕಡೆ ಕುಲುಕಪ್ಪ ಎಂದೇ ಆಗಿಹೋಗಿತ್ತು.

ಹೆಂಡತಿಯೂ ಅದೇ ಕಾರ್ಖಾನೆಯವಳು. ಕಡತದ ಕೋಣೆಯಲ್ಲಿ ಕೂತು ಇವರ ವರದಿಗಳನ್ನು ಓದಿ, ಮುದ್ರೆ ಒತ್ತಿ, ಮುಂದಿನ ಕ್ರಮಕ್ಕೆ ಕಳಿಸುವುದು ಅವಳ ಕೆಲಸ. ಅಷ್ಟೊಂದು ವರದಿ ಓದಿದ ಮೇಲೂ ಈ ಮನುಷ್ಯನನ್ನು ಮದುವೆಯಾದಳೆಂದರೆ ಅವಳ ಧೈರ್ಯವನ್ನು ಮೆಚ್ಚಬೇಕು.

ಹೆರಿಗೆಗೆಂದು ತಾಯಿಯ ಮನೆಗೆ ಹೋದವಳು ಅಲ್ಲೇ ಮೂರು ತಿಂಗಳು ಉಳಿದಿದ್ದಳು. ಕುಲುಕಪ್ಪನವರು ಪ್ರತಿ ಭಾನುವಾರ ಬಸ್ಸು ಹಿಡಿದು ಮಗಳನ್ನು ನೋಡಲು ಹೋಗುವರು. ಕೈಕಾಲು ತೊಳೆದು, ಉಸಿರು ಬಿಗಿಹಿಡಿದು ಎತ್ತಿಕೊಳ್ಳುವರು. ಎತ್ತಿಕೊಂಡ ಮರುಕ್ಷಣ ಮಗು ಮನೆಯ ಹೆಂಚು ಹಾರಿಹೋಗುವ ಹಾಗೆ ಅಳುವುದು. ಅತ್ತೆಯವರು ಬಂದು ಕಿತ್ತುಕೊಂಡರೆ ಗಪ್‌ಚಿಪ್. ಹನ್ನೆರಡು ಭಾನುವಾರ ಹೀಗೇ ಕಳೆದಿತ್ತು. ಸಾಯಂಕಾಲದ ಬಸ್ಸಿನಲ್ಲಿ ವಾಪಸು ಬರುವಾಗ ಆ ದೊಡ್ಡ ಗಂಡಸು ತಮ್ಮ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂರುತ್ತಿದ್ದರು. ಯಾರಿಗೂ ಹೇಳಿಕೊಳ್ಳದ ದುಃಖ ಅದು.

ಹೆಂಡತಿಗೆ ಮಾತ್ರ ಗೊತ್ತಿತ್ತು. ಅದಕ್ಕೇ ಅವಳು ಅಮ್ಮನ ಕೈಯಿಂದ ಫೋನು ಕಸಿದುಕೊಂಡು, “ರೀ, ನಾಳೆ ಸಾಯಂಕಾಲ ಐದಕ್ಕೆ ಬರ್ತೀವಿ. ಅಷ್ಟರೊಳಗೆ ಒಂದು ಸ್ಟ್ರೋಲರ್ ತಂದಿಡಿ. ನಮ್ಮ ಮನೆಗೆ, ನಮ್ಮ ಬೀದಿಗೆ ಹೊಂದೋ ಅಂಥದ್ದು ನೀವೇ ನೋಡಿ ಆರಿಸಿ. ಬಂದ ಸಾಯಂಕಾಲಾನೇ ಪಾರ್ಕಿಗೆ ಹೋಗೋಣ. ನೀವೇ ತಳ್ಳೋರಂತೆ” ಎಂದಳು.

ನೀವೇ ತಳ್ಳೋರಂತೆ! ಕುಲುಕಪ್ಪನವರ ಎದೆ ಅರಳಿತು. ಅಷ್ಟರಲ್ಲಿ ಫೋನು ಮತ್ತೆ ಕೈ ಬದಲಾಯಿತು.

“ಮಗು ಏನು ತರಕಾರೀನಾ, ಗಾಡೀಲಿ ಹಾಕ್ಕೊಂಡು ಬೀದಿ ಬೀದಿ ತಳ್ಳೋಕೆ?” ಎಂದರು ಅತ್ತೆಯವರು. “ಸರಿ, ಗಾಡಿ ನಂಗೆ ಒಪ್ಪಿಗೆಯಾದ್ರೆ ತಳ್ಳಿ. ಇಲ್ದಿದ್ರೆ ನಾನಿರೋ ಮೂರು ತಿಂಗಳೂ ಮಗು ನನ್ನ ಹೆಗಲ ಮೇಲೇ. ಈಗಲೇ ಹೇಳಿದೀನಿ.”

ಮರುದಿನ ರಜೆ ಹಾಕಿ, ಅಳತೆ ಟೇಪು ಜೇಬಿಗಿಳಿಸಿ, ಅಂಗಡಿಯ ಬಾಗಿಲು ತೆರೆಯುವ ಮೊದಲೇ ಕುಲುಕಪ್ಪನವರು ಹೊಸ್ತಿಲ ಮುಂದೆ ನಿಂತಿದ್ದರು.

ಅಂಗಡಿಯವನು ಒಳ್ಳೆಯ ಮಾತುಗಾರ. ಮೊದಲು ಕೊಡೆಯಂತೆ ಮಡಚುವ ಹಗುರದ್ದೊಂದನ್ನು ತೋರಿಸಿದ. ಕುಲುಕಪ್ಪನವರು ಅದನ್ನು ಕುಲುಕಿದರು. ಅದು ಫಟ್ಟನೆ ಮಡಚಿಕೊಂಡು ಅವರ ಹೆಬ್ಬೆರಳನ್ನು ಕಚ್ಚಿತು. ಎರಡನೆಯದು ಮೂರು ಚಕ್ರದ ಭಾರೀ ಗಾಡಿ, ಓಡುತ್ತ ತಳ್ಳುವವರಿಗಂತೆ. ಟೇಪು ಹಿಡಿದು ನೋಡಿದರೆ ಮನೆಯ ಮೆಟ್ಟಿಲಿಗಿಂತ ಮೂರಂಗುಲ ಅಗಲ. ಅದನ್ನು ಕೊಂಡರೆ ಮನೆಯನ್ನೇ ಬದಲಾಯಿಸಬೇಕು. ಮೂರನೆಯದರಲ್ಲಿ ಗುಂಡಿ ಒತ್ತಿದರೆ ಜೋಗುಳ ಬರುತ್ತಿತ್ತು. ಕುಲುಕಿದಾಗ ಗುಂಡಿ ಒತ್ತದೆಯೇ ಬಂತು. ಆಮೇಲೆ ಏನು ಮಾಡಿದರೂ ನಿಲ್ಲಲಿಲ್ಲ. ಅಂಗಡಿಯವನು ಅದನ್ನು ಗೋದಾಮಿಗೆ ಸಾಗಿಸಿ, ಮೇಲೊಂದು ಹಾಸಿಗೆ ಮುಚ್ಚಿ ಬಂದ.

“ಸಾರ್, ಕೈ ಮುಗೀತೀನಿ. ಕಣ್ಣಲ್ಲಿ ನೋಡಿ ಆರಿಸಿ.”

“ಕಣ್ಣಲ್ಲಿ ನೋಡಿದ್ರೆ ಎಲ್ಲಾನೂ ಚೆನ್ನಾಗೇ ಇರುತ್ತೆ ಸ್ವಾಮಿ. ಅದ್ಯಾವುದು, ಆ ಮೂಲೇಲಿರೋದು?”

ಮೂಲೆಯಲ್ಲಿ ಬೂದು ಬಣ್ಣದ್ದೊಂದು ಧೂಳು ಹಿಡಿದು ನಿಂತಿತ್ತು. ಹಾಡಿಲ್ಲ, ಗೊಂಬೆಯಿಲ್ಲ, ನಾಲ್ಕು ಚಕ್ರ, ಒಂದು ಸೀಟು, ಒಂದು ಹಿಡಿ, ಕಾಲಲ್ಲಿ ಒತ್ತುವ ಬ್ರೇಕು, ಅಷ್ಟೆ. ಕುಲುಕಪ್ಪನವರು ಕುಲುಕಿದರು. ಒಂದು ಕಿರುಗುಟ್ಟಿದ ಸದ್ದೂ ಬರಲಿಲ್ಲ. ಇನ್ನೊಮ್ಮೆ ಕುಲುಕಿದರು. ಗಾಡಿ ಜಪ್ಪಯ್ಯ ಅನ್ನಲಿಲ್ಲ. ಅವರ ಕಣ್ಣು ಹನಿಗೂಡಿತು.

“ಅದೊಂದೇ ಪೀಸು ಉಳಿದಿರೋದು,” ಎಂದ ಅಂಗಡಿಯವನು. “ಕಂಪನಿಯವರು ಈ ಮಾದರಿ ನಿಲ್ಲಿಸಿಬಿಟ್ರು.”

“ಯಾಕೆ?”

“ಹಾಳಾಗ್ತಾನೇ ಇರ್ಲಿಲ್ಲ ಸಾರ್. ಒಂದ್ಸಲ ತಗೊಂಡೋರು ಮತ್ತೆ ಅಂಗಡಿ ಕಡೆ ತಲೆ ಹಾಕ್ತಿರ್ಲಿಲ್ಲ.”

ಇದಕ್ಕಿಂತ ದೊಡ್ಡ ಶಿಫಾರಸು ಬೇಕೇ? ಕುಲುಕಪ್ಪನವರು ಅಲ್ಲೇ ಅದನ್ನು ಎತ್ತಿ ಕುಕ್ಕಲು ಹೋದರು. ಅಂಗಡಿಯವನು ಅಡ್ಡ ನಿಂತು, “ಮಿಕ್ಕ ಪರೀಕ್ಷೆ ಮನೇಲಿ ಮಾಡ್ಕೊಳ್ಳಿ ಸಾರ್” ಎಂದು ಹೆಚ್ಚುಕಡಿಮೆ ತಳ್ಳಿಯೇ ಹೊರಗೆ ಕಳಿಸಿದ.

ಮಿಕ್ಕವರಾಗಿದ್ದರೆ ಮನೆಗೆ ಬಂದು ಗಾಡಿ ಒರೆಸಿಟ್ಟು, ಊಟ ಮಾಡಿ ಮಲಗುತ್ತಿದ್ದರು. ಕುಲುಕಪ್ಪನವರಿಗೆ ಕೊಂಡದ್ದು ಕೆಲಸದ ಅರ್ಧ ಮಾತ್ರ. ತಮ್ಮ ಕೈಗಳನ್ನು ನಂಬದ ಮಗಳನ್ನು ಕೂರಿಸುವ ಗಾಡಿ. ಅದನ್ನಾದರೂ ಕಣ್ಣುಮುಚ್ಚಿ ನಂಬುವ ಹಾಗಿರಬೇಕು. ಕಾರ್ಖಾನೆಯಿಂದ ತಂದಿಟ್ಟುಕೊಂಡಿದ್ದ ಆರು ಕಿಲೋ ಮರಳಿನ ಚೀಲವನ್ನು ಅವರು ಗಾಡಿಯಲ್ಲಿ ಮಲಗಿಸಿ ಪಟ್ಟಿ ಬಿಗಿದರು. ಮಗಳ ತೂಕವೂ ಕಳೆದ ಭಾನುವಾರಕ್ಕೆ ಸರಿಯಾಗಿ ಆರು ಕಿಲೋ. ಮನೆ ಮೂರನೇ ಮಹಡಿಯಲ್ಲಿ, ನಲವತ್ತೆಂಟು ಮೆಟ್ಟಿಲು, ಲಿಫ್ಟಿಲ್ಲ. ಧಡ್, ಧಡ್, ಧಡ್ ಎಂದು ಇಳಿಸತೊಡಗಿದರು.

ಮೊದಲ ಮಹಡಿಗೆ ಬರುವಷ್ಟರಲ್ಲಿ ಟೈಲರಕ್ಕ ಬಾಗಿಲಲ್ಲಿ ನಿಂತಿದ್ದಳು, ಬಾಯಲ್ಲಿ ಗುಂಡುಸೂಜಿ, ಕೊರಳಲ್ಲಿ ಟೇಪು. ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಲೋಟ ಬಿದ್ದರೂ ಅವಳ ಮಿಷನ್ನು ನಿಲ್ಲುತ್ತದೆ.

“ಏನಣ್ಣ ಇದು, ಮರಳಿನ ಮೂಟೇನ ಸವಾರಿ ಕರ್ಕೊಂಡು ಹೊರಟಿದೀರಿ? ನೋಡಿದೋರು ಏನು ತಿಳ್ಕೋತಾರೆ!”

“ಪರೀಕ್ಷೆ ಅಕ್ಕ. ಮಗು ತೂಕ ಇದು.”

“ಮಗು ತೂಕಾನಾ?” ಟೈಲರಕ್ಕನ ಮುಖ ಅರಳಿತು. “ಇರಿ ಇರಿ, ನಿಮ್ಮ ಮಗಳಿಗೆ ಅಂತಾನೇ ಒಂದು ಫ್ರಾಕು ಹೊಲೀತಿದೀನಿ. ಅಳತೆ ಗೊತ್ತಿಲ್ದೆ ಒದ್ದಾಡ್ತಿದ್ದೆ.”

ಬೇಡವೆನ್ನುವ ಮೊದಲೇ ಮರಳಿನ ಚೀಲಕ್ಕೆ ಹಳದಿ ಹೂವಿನ ಫ್ರಾಕು ಏರಿತು. ತಲೆಯಿರಬೇಕಾದ ಕಡೆ ನಿರಿಗೆಯ ಟೋಪಿಯೂ ಬಂತು. ದೂರದಿಂದ ನೋಡಿದರೆ ತುಂಬು ಕೆನ್ನೆಯ ಮಗುವೊಂದು ಮುಖ ಕೆಳಗೆ ಮಾಡಿ ನಿದ್ದೆ ಹೋದ ಹಾಗಿತ್ತು. “ತೆಗೀಬೇಡಿ ಅಣ್ಣ, ಸಾಯಂಕಾಲದವರೆಗೂ ಇರ್ಲಿ. ಹೊಲಿಗೆ ಎಲ್ಲಾದ್ರೂ ಬಿಗಿಯಾಗುತ್ತೇನೋ ಗೊತ್ತಾಗುತ್ತೆ,” ಎಂದಳು. ಪರೀಕ್ಷೆಯ ಹೆಸರಲ್ಲಿ ಯಾರು ಏನು ಕೇಳಿದರೂ ಇಲ್ಲವೆನ್ನಲು ಕುಲುಕಪ್ಪನವರಿಗೆ ಬರುವುದಿಲ್ಲ.

ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದವರು ನಿವೃತ್ತ ಹೆಡ್ಮೇಷ್ಟ್ರು. ಎಂಟು ವರ್ಷದಿಂದ ಅವರಿಗೆ ಪರೀಕ್ಷೆ ಮಾಡಲು ಯಾರೂ ಸಿಕ್ಕಿರಲಿಲ್ಲ. ಆ ಪದ ಕಿವಿಗೆ ಬಿದ್ದದ್ದೇ ತಡ, ಒಳಗೆ ಓಡಿ ಕೆಂಪು ಶಾಯಿಯ ಪೆನ್ನು, ನೋಟ್‌ಬುಕ್ಕು ಹಿಡಿದು ಬಂದರು.

“ಎಷ್ಟು ಸಲ ಕುಕ್ಕಬೇಕು ಅಂತ ಲೆಕ್ಕ ಹಾಕಿದೀರಾ?”

“ಒಂದು ಐನೂರು ಸಲ...”

“ಐನೂರು! ಹೇಳೋರು ಕೇಳೋರು ಇಲ್ವೇನ್ರಿ? ದಿನಕ್ಕೆ ಒಂದ್ಸಲ ಹೊರಗೆ ಹೋಗ್ತೀರಿ. ಫುಟ್‌ಪಾತಿಂದ ಇಳಿಯುವಾಗ ಒಂದು ಬಡಿತ, ಹತ್ತುವಾಗ ಒಂದು. ವರ್ಷಕ್ಕೆ ಏಳುನೂರ ಮೂವತ್ತು. ಮೂರು ವರ್ಷ ಗಾಡೀಲಿ ಕೂರುತ್ತೆ ಮಗು. ಎರಡು ಸಾವಿರದ ನೂರ ತೊಂಬತ್ತು.” ಮೇಷ್ಟ್ರು ಒಂದು ಗಳಿಗೆ ಯೋಚಿಸಿ, “ನಡುವೆ ಅಧಿಕ ವರ್ಷ ಬಂದ್ರೆ ಇನ್ನೆರಡು ಸೇರಿಸಿ” ಎಂದರು.

ಕುಲುಕಪ್ಪನವರಿಗೆ ಲೆಕ್ಕ ಒಪ್ಪಿಗೆಯಾಯಿತು. ಮೂರು ವರ್ಷದ ಬಡಿತವನ್ನು ಒಂದೇ ದಿನದಲ್ಲಿ ಬಡಿದು ನೋಡುವುದು! ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ. ಹತ್ತೂವರೆಗೆ ಗೇಟಿನಾಚೆಯ ಫುಟ್‌ಪಾತಿನಂಚಿನಲ್ಲಿ ಶುರುವಾಯಿತು. ಕುಲುಕಪ್ಪನವರು ಗಾಡಿಯನ್ನು ಧಡಕ್ಕನೆ ರಸ್ತೆಗಿಳಿಸುವುದು, ದಢಾರನೆ ಮೇಲಕ್ಕೇರಿಸುವುದು. ಮೇಷ್ಟ್ರು ಗಟ್ಟಿಯಾಗಿ ಎಣಿಸಿ ಗೀಟೆಳೆಯುವುದು. ಬಡಿತ ನೂರು ದಾಟಿತು, ಇನ್ನೂರು ದಾಟಿತು. ಗಾಡಿಯ ಒಂದು ತಿರುಪೂ ಸಡಿಲವಾಗಲಿಲ್ಲ. ಕುಲುಕಪ್ಪನವರ ಸೊಂಟದ ತಿರುಪು ಮಾತ್ರ ಮುನ್ನೂರಕ್ಕೇ ಸಡಿಲವಾಗಿತ್ತು.

ಎಂಟುನೂರರ ಹೊತ್ತಿಗೆ ಬ್ಯಾಂಕಿಗೆ ಹೊರಟಿದ್ದ ಇಬ್ಬರು ಹೆಂಗಸರು ನಿಂತರು.

“ಅಯ್ಯೋ, ಏನ್ರೀ ಅದು! ಮೆಲ್ಲಗೆ ಇಳಿಸ್ರೀ, ಮಗು ಇದೆ!”

ಕುಲುಕಪ್ಪನವರ ಗಮನವೆಲ್ಲ ಎಡಗಡೆಯ ಹಿಂದಿನ ಚಕ್ರದ ಮೇಲಿತ್ತು. ತಲೆಯೆತ್ತದೆಯೇ ಹೇಳಿದರು: “ಏನೂ ಆಗಲ್ಲ. ಬೆಳಗ್ಗೆ ಮೂರನೇ ಮಹಡಿಯಿಂದ ಧಡಧಡ ಅಂತ ಉರುಳಿಸ್ಕೊಂಡೇ ಬಂದೆ.”

“ಮಗು... ಅಳ್ಲಿಲ್ವಾ?”

“ಇದು ಅಳಲ್ಲ. ಅಳೋದು ಬೇರೆ ಇದೆ, ಸಾಯಂಕಾಲ ಬರುತ್ತೆ.”

“ಎಂಟುನೂರ ನಲವತ್ತು,” ಎಂದರು ಮೇಷ್ಟ್ರು.

ಹೆಂಗಸರು ಮುಖ ಮುಖ ನೋಡಿಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಎಲ್ಲ ಬೀದಿಯಲ್ಲೂ ಇರುತ್ತಾರೆ. ಹನ್ನೆರಡು ಗಂಟೆಗೆ ಬೀದಿಯ ಆ ತುದಿಯಲ್ಲಿ ಒಬ್ಬ ತಂದೆ ಮಗುವನ್ನು ಕುಕ್ಕುತ್ತಿದ್ದಾನೆ ಎಂಬ ಸುದ್ದಿಯಿತ್ತು. ಒಂದು ಗಂಟೆಗೆ ಈ ತುದಿಯಲ್ಲಿ, ಕುಕ್ಕುವವನ ಪಕ್ಕದಲ್ಲಿ ಒಬ್ಬ ಮುದುಕ ನಿಂತು ಗುರಿ ಹೇಳಿಕೊಡುತ್ತಿದ್ದಾನೆ ಎಂದಾಗಿತ್ತು. ಎರಡಕ್ಕೆ ಯಾರೋ ಪೊಲೀಸರಿಗೆ ಫೋನು ಮಾಡಿದರು.

ಪೊಲೀಸಮ್ಮ ಬೈಕಿನಲ್ಲಿ ಬೀದಿಯ ಕೆಳತುದಿಗೆ ಬರುವಾಗ ಬಡಿತಗಳಿಗೆ ಬಿಡುವು ಕೊಟ್ಟು ಬ್ರೇಕಿನ ಪರೀಕ್ಷೆ ನಡೆಯುತ್ತಿತ್ತು. ಅವರ ಬೀದಿ ಒಂದು ಕಡೆಗೆ ಸರಾಗವಾಗಿ ಇಳಿಜಾರು. ಕುಲುಕಪ್ಪನವರು ಇಳಿಜಾರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ, ಕಾಲಲ್ಲಿ ಬ್ರೇಕು ಒತ್ತಿ, ಕೈ ಬಿಟ್ಟು ದೂರ ಸರಿದು ನಿಂತರು. ಗಾಡಿ ಬಂಡೆಯಂತೆ ನಿಂತಿತು. ಗುಂಪಾಗಿ ನೆರೆದಿದ್ದ ಜನರ ಉಸಿರೂ ನಿಂತುಹೋಗಿತ್ತು.

“ಐದು ನಿಮಿಷ ಆಯ್ತು,” ಎಂದ ಮೇಷ್ಟ್ರು ನೋಟ್‌ಬುಕ್ಕು ಕಂಕುಳಿಗೆ ಸಿಕ್ಕಿಸಿ ಗಾಡಿಯ ಹತ್ತಿರ ಬಗ್ಗಿದರು. “ಈ ಕೆಂಪು ಗುರುತು ಬ್ರೇಕು ಹಾಕಿದ್ದಕ್ಕೋ, ತೆಗೆದದ್ದಕ್ಕೋ?” ಎನ್ನುತ್ತ ಚಪ್ಪಲಿಯ ತುದಿಯಿಂದ ಅದನ್ನು ಒತ್ತಿದರು.

ತೆಗೆದದ್ದಕ್ಕೆ.

ಗಾಡಿ ಹೊರಟಿತು. ಮೊದಲು ಮೆಲ್ಲಗೆ, ಆಮೇಲೆ ತನಗೂ ಅವಸರದ ಕೆಲಸವಿದೆ ಎಂಬಂತೆ. “ಮಗೂ! ಮಗೂ!” ಎಂದು ಇಡೀ ಬೀದಿ ಕಿರುಚಿತು. ಕುಲುಕಪ್ಪನವರು ಹಿಂದೆ ಓಡುತ್ತ, “ನೇರಕ್ಕೆ ಹೋಗ್ತಿದೆ! ನೋಡಿ ಮೇಷ್ಟ್ರೇ, ಒಂದಿಂಚು ಆಚೀಚೆ ಎಳೀತಿಲ್ಲ!” ಎಂದು ಆನಂದದಿಂದ ಕೂಗಿದರು. ಆ ಕ್ಷಣದಲ್ಲಿ ಅವರನ್ನು ಹರಿದು ತಿನ್ನಲು ಜನ ಸಿದ್ಧರಿದ್ದರು. ಮೊದಲು ಗಾಡಿ ಹಿಡಿಯಬೇಕಿದ್ದರಿಂದ ಬಚಾವಾದರು.

ಇಳಿಜಾರಿನ ಕೊನೆಯಲ್ಲಿ ಹೂಗಿಡ ಮಾರುವವನ ಕುಂಡಗಳ ಸಾಲು. ಇನ್ನೇನು ಗಾಡಿ ಅದಕ್ಕೆ ಹೊಡೆಯಬೇಕು, ಪೊಲೀಸಮ್ಮ ಬೈಕು ಬಿಸಾಕಿ ಹಾರಿ, ಗಾಡಿಯ ಹಿಡಿಗೆ ಜೋತುಬಿದ್ದು ನಿಲ್ಲಿಸಿದಳು. ಪಟ್ಟಿ ಬಿಚ್ಚಿ, ಹಳದಿ ಫ್ರಾಕಿನ ಮಗುವನ್ನು ಎದೆಗವಚಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ಕೆಲವರು ಅತ್ತರು. ಅಷ್ಟರಲ್ಲಿ ಒಬ್ಬ ಹೆಂಗಸು ಚಿಟ್ಟನೆ ಚೀರಿದಳು:

“ಅಯ್ಯೋ, ಮಗು ಸೋರ್ತಿದೆ!”

ಮರಳು ಸಣ್ಣ ಧಾರೆಯಾಗಿ ಪೊಲೀಸಮ್ಮನ ಬೂಟಿನ ಮೇಲೆ ಸುರಿಯುತ್ತಿತ್ತು. ಅವಳು ಟೋಪಿ ತೆಗೆದು ನೋಡಿದಳು. ಚೀಲದ ನೆತ್ತಿಯ ಮೇಲೆ ‘ಆರು ಕಿಲೋ, ಪರೀಕ್ಷಾ ವಿಭಾಗ’ ಎಂದು ಕಪ್ಪು ಶಾಯಿಯಲ್ಲಿ ಬರೆದಿತ್ತು.

ಅಳುತ್ತಿದ್ದವರು ಕಣ್ಣೊರೆಸಿಕೊಂಡು ಹತ್ತಿರ ಬಂದು ಓದಿದರು.

“ಯಾರ್ರೀ ಇದರ ತಂದೆ?” ಎಂದಳು ಪೊಲೀಸಮ್ಮ.

ಕುಲುಕಪ್ಪನವರು ಏದುಸಿರು ಬಿಡುತ್ತ ಮುಂದೆ ಬಂದು, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದರು. ಅಂಗಡಿ, ಮೆಟ್ಟಿಲು, ಅಧಿಕ ವರ್ಷ, ಎಲ್ಲ. ಹೇಳುತ್ತ ಹೇಳುತ್ತ ಹನ್ನೆರಡು ಭಾನುವಾರದ ಕತೆಯೂ ಬಂದುಬಿಟ್ಟಿತು. ಅದನ್ನು ಹೇಳಬೇಕೆಂದು ಅವರು ಅಂದುಕೊಂಡಿರಲಿಲ್ಲ. “ನನ್ನ ಕೈಗೆ ಬಂದ್ರೆ ಅಳ್ತಾಳೆ ಮೇಡಂ. ಗಾಡೀಲಿ ಕೂತ್ರೆ ತಳ್ಳೋನು ನಾನು ಅಂತ ಅವಳಿಗೆ ಗೊತ್ತಾಗಲ್ವಲ್ಲ. ಅದಕ್ಕೆ...” ಎಂದು ಅರ್ಧಕ್ಕೇ ನಿಲ್ಲಿಸಿದರು.

ಈಗಷ್ಟೇ ಅವರನ್ನು ಹರಿದು ತಿನ್ನಬೇಕೆಂದಿದ್ದ ಹೆಂಗಸರು ಸೆರಗಿನಿಂದ ಮೂಗೊರೆಸಿಕೊಂಡರು. ಪೊಲೀಸಮ್ಮ ಬೂಟಿನ ಮರಳು ಕೊಡವಿದಳು. ಠಾಣೆಗೆ ನಡೀರಿ ಎನ್ನಲು ಬಾಯಿ ತೆರೆದವಳು ಗಾಡಿಯ ಕಡೆ ಒಮ್ಮೆ ನೋಡಿ, “ನಿಜವಾಗ್ಲೂ ಒಂದು ಕಡೆಗೆ ಎಳಿಯಲ್ವಾ?” ಎಂದಳು.

“ಇಲ್ಲ ಮೇಡಂ.”

“ನಂದು ಎಡಕ್ಕೆ ಎಳಿಯುತ್ತೆ. ಎಂಟು ತಿಂಗಳ ಮಗ ಇದಾನೆ. ಪಾರ್ಕಿಗೆ ಅಂತ ಹೊರಟ್ರೆ ಪ್ರತಿ ಸಲ ಬೇಕರಿ ಮುಂದೆ ಹೋಗಿ ನಿಲ್ತೀವಿ.” ಅವಳು ಹಿಡಿ ಹಿಡಿದು ನಾಲ್ಕು ಹೆಜ್ಜೆ ತಳ್ಳಿದಳು, ತಿರುಗಿಸಿದಳು, ಮತ್ತೆ ತಳ್ಳಿದಳು. “ಇನ್ನೆಷ್ಟು ಬಡಿತ ಬಾಕಿ?”

“ನಾನೂರ ಎಂಬತ್ತೆರಡು,” ಎಂದರು ಮೇಷ್ಟ್ರು.

ಆಮೇಲೆ ನಡೆದದ್ದನ್ನು ಆ ಬೀದಿಯವರು ಈಗಲೂ ನೆನೆಸಿಕೊಂಡು ನಗುತ್ತಾರೆ. ಟೈಲರಕ್ಕ ದಬ್ಬಣ ತಂದು ಚೀಲದ ಹೊಲಿಗೆ ಬಿಗಿಮಾಡಿದಳು. ಚೆಲ್ಲಿದ ಮರಳಿಗೆ ಬದಲು ಗಿಡದವನು ಎರಡು ಬೊಗಸೆ ಮಣ್ಣು ಹಾಕಿದ. ಪೊಲೀಸಮ್ಮ ನೂರು ಬಡಿತ ಬಡಿದಳು. ಬ್ಯಾಂಕಿಗೆ ಹೊರಟಿದ್ದ ಹೆಂಗಸರು ಐವತ್ತೈವತ್ತು ಹಂಚಿಕೊಂಡರು. ಕೊನೆಯ ಹತ್ತನ್ನು ಇಡೀ ಬೀದಿ ಒಟ್ಟಿಗೆ ಎಣಿಸಿತು. ಎರಡು ಸಾವಿರದ ನೂರ ತೊಂಬತ್ತೆರಡು! ಗಾಡಿ ಬೆಳಗ್ಗೆ ಅಂಗಡಿಯಲ್ಲಿ ನಿಂತಿದ್ದ ಹಾಗೆಯೇ ನಿಂತಿತ್ತು, ಜಪ್ಪಯ್ಯ ಅನ್ನದೆ.

ನಾಲ್ಕೂವರೆ. ಕುಲುಕಪ್ಪನವರು ಮೇಷ್ಟ್ರ ಕುರ್ಚಿಯಲ್ಲಿ ಕೂತು, ಮೇಷ್ಟ್ರ ನೋಟ್‌ಬುಕ್ಕಿನ ಹಾಳೆಯಲ್ಲಿ, ಕಾರ್ಖಾನೆಯ ಕ್ರಮದಲ್ಲೇ ವರದಿ ಬರೆದರು. ಹನ್ನೆರಡು ವರ್ಷದ ಅಭ್ಯಾಸ. ಕೈ ತಾನಾಗಿ ಓಡಿತು. ಕೆಳಗೆ ಸಹಿ ಹಾಕಿದರು. ಸಾಕ್ಷಿಗಳಾಗಿ ಮೇಷ್ಟ್ರು, ಟೈಲರಕ್ಕ, ಗಿಡದವನು ಸಹಿ ಹಾಕಿದರು. ಪೊಲೀಸಮ್ಮ ಸಹಿಯ ಜೊತೆಗೆ ತನ್ನ ನಂಬರನ್ನೂ ಬರೆದಳು. ಇಷ್ಟೆಲ್ಲ ಸಾಕ್ಷಿಯಿದ್ದ ಮೇಲೆ ಅತ್ತೆಯವರಲ್ಲ, ಅತ್ತೆಯವರ ಅತ್ತೆ ಬಂದರೂ ಒಪ್ಪಲೇಬೇಕು.

ಐದಕ್ಕೆ ಟ್ಯಾಕ್ಸಿ ಬಂತು. ಮೊದಲು ಇಳಿದದ್ದು ಅತ್ತೆಯವರ ಹೆಗಲು, ಅದರ ಮೇಲೆ ಮಗು. ಹಿಂದೆ ಹೆಂಡತಿ. ಗೇಟಿನ ಮುಂದೆ ಅರ್ಧ ಬೀದಿ ಸಾಲಾಗಿ ನಿಂತಿರುವುದನ್ನು ಕಂಡು ಅವಳಿಗೆ ಗಾಬರಿಯಾಯಿತು.

“ರೀ, ಏನಾಯ್ತು? ಪೊಲೀಸು ಯಾಕೆ?”

“ಏನಿಲ್ಲ, ಏನಿಲ್ಲ. ಎಲ್ಲ ಪಾಸಾಯ್ತು,” ಎಂದು ಕುಲುಕಪ್ಪನವರು ವರದಿಯನ್ನು ಎರಡು ಕೈಯಿಂದ ಅವಳಿಗೆ ಕೊಟ್ಟರು.

ಅತ್ತೆಯವರು ಮಗುವನ್ನು ಹೊತ್ತುಕೊಂಡೇ ಗಾಡಿಯನ್ನು ಒಂದು ಸುತ್ತು ಬಂದರು. ಸೀಟನ್ನು ಹೆಬ್ಬೆರಳಿನಿಂದ ಒತ್ತಿದರು. ಚಕ್ರವನ್ನು ಕಾಲಿನಿಂದ ತಿವಿದರು. ಹಿಡಿಯನ್ನು ಅಲ್ಲಾಡಿಸಿದರು. ಬೀದಿಗೆ ಬೀದಿಯೇ ಅವರ ಮುಖವನ್ನು ನೋಡುತ್ತಿತ್ತು.

“ಗಟ್ಟಿಯಾಗಿದೆ,” ಎಂದರು ಕೊನೆಗೆ. “ಆಗ್ಲಿ. ನಾನು ಸೋತೆ. ಅಳಿಯಂದ್ರು ಒಳ್ಳೇ ಗಾಡೀನೇ ಆರಿಸಿದಾರೆ.”

ಹೋ ಎಂದು ಎಲ್ಲರೂ ಕೂಗಿದರು. ಅತ್ತೆಯವರು ಮಗುವನ್ನು ಗಾಡಿಯಲ್ಲಿ ಮಲಗಿಸಲು ಬಗ್ಗಿದರು. ಕುಲುಕಪ್ಪನವರು ಹಿಡಿಯನ್ನು ಹಿಡಿದು ನಿಂತರು.

“ಅಮ್ಮಾ, ನಿಲ್ಲು!” ಎಂದಳು ಹೆಂಡತಿ.

ಅವಳು ವರದಿಯ ಕೊನೆಗೆ ಬಂದಿದ್ದಳು. ಅಲ್ಲಿ ಗಂಡನ ದುಂಡಗಿನ ಅಕ್ಷರದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದಳು: “ಫಲಿತಾಂಶ: ಉತ್ತೀರ್ಣ. ಪರೀಕ್ಷೆಗೆ ಒಳಪಟ್ಟ ಮಾದರಿಯ ಬಾಳಿಕೆಯ ಅವಧಿ ಸಂಪೂರ್ಣ ವ್ಯಯವಾಗಿರುವುದರಿಂದ, ಸದರಿ ಮಾದರಿಯನ್ನು ಬಳಕೆಗೆ ಬಿಡದೆ ಕೂಡಲೇ ನಾಶಪಡಿಸತಕ್ಕದ್ದು.”

ಕುಲುಕಪ್ಪನವರು ಬಗ್ಗಿ ಕಾಗದವನ್ನು ನೋಡಿದರು. ತಮ್ಮದೇ ಅಕ್ಷರ, ತಮ್ಮದೇ ಸಹಿ.

“ಅದು... ಅದು ಅಭ್ಯಾಸಬಲ ಕಣೇ. ಪ್ರತಿ ವರದೀಲೂ ಬರೀತೀನಲ್ಲ. ಕೈ ತಾನಾಗೇ...”

“ಯಾಕೆ ಬರೀತೀರಿ ಪ್ರತಿ ವರದೀಲೂ?”

“ಯಾಕೆ ಅಂದ್ರೆ... ಪರೀಕ್ಷೆ ಮಾಡಿದ ಪೀಸು ಮೇಲಿಂದ ಚೆನ್ನಾಗೇ ಕಾಣುತ್ತೆ. ಒಳಗೆ ಎಲ್ಲಿ ಸೀಳು ಬಿಟ್ಟಿದೆಯೋ ಯಾರು ಕಂಡೋರು? ಅದನ್ನ ಗಿರಾಕಿ ಕೈಗೆ ಕೊಡೋದು...” ಹೇಳುತ್ತ ಹೇಳುತ್ತ ಅವರ ದನಿ ಕೆಳಗಿಳಿಯಿತು.

“ಮ್ಯಾನೇಜರು ತಮ್ಮ ಭಾಮೈದನಿಗೆ ಅಂತ ಪರೀಕ್ಷೆ ಆದ ಒಂದು ಪೆಟ್ಟಿಗೆ ಕೇಳಿದಾಗ, ಕೊಡಲ್ಲ ಅಂತ ಮೂರು ಗಂಟೆ ಅದರ ಮೇಲೇ ಕೂತಿದ್ರಲ್ಲ ನೀವು! ಅವತ್ತೇ ಅಲ್ವಾ ನಾನು ನಿಮ್ಮನ್ನ ಮೆಚ್ಕೊಂಡಿದ್ದು? ಪರರ ಬಟ್ಟೆಬರೆಗೆ ಅಷ್ಟು ಕಾಳಜಿ ಮಾಡಿದೋರು, ನಿಮ್ಮ ಮಗಳನ್ನ ಇದರಲ್ಲಿ ಕೂರಿಸ್ತೀರಾ?”

ಕುಲುಕಪ್ಪನವರು ಗಾಡಿಯನ್ನು ನೋಡಿದರು, ಮಗಳನ್ನು ನೋಡಿದರು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ. ಹಿಡಿಯಿಂದ ಕೈ ತೆಗೆದರು.

“ಕೂರಿಸಲ್ಲ,” ಎಂದರು.

ಅಯ್ಯೋ ಪಾಪ ಎಂದು ಯಾರಾದರೂ ಅಂದರೇ? ಇಲ್ಲ. “ಬರೆದದ್ದು ಬರೆದದ್ದೇ. ನನ್ನ ಸಹಿಯೂ ಇದೆ ಅದರಲ್ಲಿ,” ಎಂದರು ಮೇಷ್ಟ್ರು. “ನಂದೂ ಇದೆ. ಕೂಡಲೇ ಅಂತ ಬರೆದಿದೆ, ಕೂಡಲೇ ಆಗ್ಬೇಕು,” ಎಂದಳು ಪೊಲೀಸಮ್ಮ. ಹೇಳಿದ್ದೇ ತಡ, ನಾಶ ಶುರುವಾಯಿತು. ಆದರೆ ಎಂಥ ಅಚ್ಚುಕಟ್ಟಿನ ನಾಶ! ಪೊಲೀಸಮ್ಮ ಮುಂದಿನ ಎರಡು ಚಕ್ರಗಳನ್ನು ಬಿಚ್ಚಿಕೊಂಡಳು, ಅವಳದಕ್ಕೆ ಸರಿಹೋಗುತ್ತವಂತೆ. ಹಿಂದಿನ ಎರಡು, ಚೌಕಟ್ಟಿನ ಸಮೇತ, ಗಿಡದವನ ಕುಂಡದ ಹಲಗೆಗೆ. ಸೀಟಿನ ಬಟ್ಟೆ ಟೈಲರಕ್ಕನಿಗೆ. ಹಿಡಿಯನ್ನು ಮೇಷ್ಟ್ರು ಊರುಗೋಲು ಮಾಡಿಕೊಳ್ಳುವುದಾಗಿ ಹೇಳಿ ಒಯ್ದರು. ಹತ್ತು ನಿಮಿಷದಲ್ಲಿ ಫುಟ್‌ಪಾತಿನ ಮೇಲೆ ನಾಲ್ಕು ತಿರುಪು ಉಳಿಯಿತು.

“ಇನ್ನೊಂದು ತಂದರಾಯ್ತು ಬಿಡಿ,” ಎಂದಳು ಹೆಂಡತಿ, ಅವರ ಮುಖ ನೋಡಲಾಗದೆ.

“ಆ ಮಾದರಿ ಅದೊಂದೇ ಇದ್ದಿದ್ದು.”

“ಬೇರೆ ಮಾದರೀದು ತನ್ನಿ.”

“ಪರೀಕ್ಷೆ ಮಾಡ್ದೆ ಹೇಗೆ ಕಣೇ ಕೂರಿಸೋದು?”

ಅತ್ತೆಯವರು ನಕ್ಕುಬಿಟ್ಟರು. “ಪರೀಕ್ಷೆ ಮಾಡಿದ್ರೆ ಕೂರಿಸೋ ಹಾಗಿಲ್ಲ, ಮಾಡ್ದೇ ಇದ್ರೆ ನಿಮ್ಮ ಮನಸ್ಸು ಒಪ್ಪಲ್ಲ. ಅತ್ತ ದರಿ, ಇತ್ತ ಪುಲಿ! ಅಳಿಯಂದ್ರೇ, ಮೂರು ತಿಂಗಳಲ್ಲ, ಈ ಮಗು ನಡೆಯೋವರೆಗೂ ನನ್ನ ಹೆಗಲ ಮೇಲೇ ಇರುತ್ತೆ ಅಂತ ಕಾಣುತ್ತೆ. ನಡೀರಿ ಪಾರ್ಕಿಗೆ.”

ಹೊರಟರು. ಮುಂದೆ ಅತ್ತೆಯವರು, ಅವರ ಪಕ್ಕದಲ್ಲಿ ಹೆಂಡತಿ, ಎರಡು ಹೆಜ್ಜೆ ಹಿಂದೆ ಬರಿಗೈಯ ಕುಲುಕಪ್ಪನವರು. ಸೊಂಟ ನೋಯುತ್ತಿತ್ತು. ಮನಸ್ಸು ಅದಕ್ಕಿಂತ ನೋಯುತ್ತಿತ್ತು.

ಮಗು ಅಜ್ಜಿಯ ಬಲ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿತ್ತು. ಮೊದಲು ಬೀದಿದೀಪದ ಕಂಬವನ್ನು ನೋಡಿತು, ಆಮೇಲೆ ಅಪ್ಪನನ್ನು. ಈಗ ತುಟಿ ಸೊಟ್ಟ ಮಾಡುತ್ತದೆ, ಈಗ ಶುರುವಾಗುತ್ತದೆ ಎಂದು ಕುಲುಕಪ್ಪನವರು ಹೆದರಿ ಕಣ್ಣು ಬಾಯಿ ಎರಡನ್ನೂ ಅಗಲಿಸಿ ನಿಂತರು. ಮಗು ಒಂದು ಕ್ಷಣ ಆ ಮುಖವನ್ನು ಓದಿತು. ಓದಿ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಕಿಲಕಿಲ ನಕ್ಕಿತು.

ಹದಿಮೂರು ವಾರದಲ್ಲಿ ಮೊದಲ ಸಲ. ಅವರು ಬಾಯಿ ಮುಚ್ಚಿದರು, ಮತ್ತೆ ಅಗಲಿಸಿದರು. ಮತ್ತೆ ನಗು. ಕುಲುಕಪ್ಪನವರಿಗೆ ಆಗ ಹೊಳೆಯಿತು: ಆ ಗಾಡಿಯಲ್ಲಿ ಸೀಟು ಮುಂದಕ್ಕೆ ಮುಖ ಮಾಡಿತ್ತು. ತಳ್ಳಿದ್ದರೆ ಮೂರು ವರ್ಷವೂ ಕಾಣುತ್ತಿದ್ದದ್ದು ಮಗಳ ಟೋಪಿ ಮಾತ್ರ. ಎರಡು ಸಾವಿರದ ನೂರ ತೊಂಬತ್ತೆರಡು ಸಲ ಬಡಿದ ಅವರೂ, ಎಣಿಸಿದ ಮೇಷ್ಟ್ರೂ ಅದೊಂದನ್ನು ನೋಡಿರಲಿಲ್ಲ.

“ಯಾಕೆ ಹೀಗೆ ನಗ್ತಿದೆ ಮಗು?” ಎಂದರು ಅತ್ತೆಯವರು.

“ರೀ, ಹಿಂದೆ ಏನು ಮಾಡ್ತಿದೀರಿ?” ಎಂದಳು ಹೆಂಡತಿ.

“ಏನಿಲ್ಲಪ್ಪ,” ಎಂದರು ಕುಲುಕಪ್ಪನವರು, ನಾಲಿಗೆ ಒಳಗೆಳೆದುಕೊಂಡು.

ಅತ್ತೆಯವರಿಗೆ ಭುಜ ನೋವು ಬಂದಿರಬೇಕು; ಮಗುವನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಬದಲಾಯಿಸಿದರು. ಕುಲುಕಪ್ಪನವರೂ ಸೊಂಟ ಹಿಡಿದುಕೊಂಡು ಎಡಕ್ಕೆ ಓಡಿದರು.